ಯಾವ ಆಲೂಗಡ್ಡೆ, ಎಷ್ಟು ಯೂರಿಯಾ? ಎರಡನ್ನೂ ಒಟ್ಟಿಗೇ ತೀರ್ಮಾನಿಸಿ

ಅಕ್ಟೋಬರ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಆಲೂಗಡ್ಡೆಯದ್ದೇ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಎರಡು ಮೂರು ಎಕರೆ ಇರುವವರು, ವಾರವೆಲ್ಲ ಬೆಂಗಳೂರಿನಲ್ಲಿ ಕೆಲಸ ಮಾಡಿ ಭಾನುವಾರ ಹೊಲಕ್ಕೆ ಓಡುವವರು ಫೋನ್ ಮಾಡುತ್ತಾರೆ. ಕೇಳುವುದು ಎರಡೇ ಪ್ರಶ್ನೆ. "ಜ್ಯೋತಿ ಹಾಕಲಾ, ಪುಖರಾಜ್ ಹಾಕಲಾ?" ಇದು ಮೊದಲನೆಯದು. "ಎಕರೆಗೆ ಎಷ್ಟು ಮೂಟೆ ಯೂರಿಯಾ?" ಇದು ಎರಡನೆಯದು.

ಇವೆರಡೂ ಬೇರೆ ಬೇರೆ ಪ್ರಶ್ನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ತಳಿ ಯಾವುದು ಸಿಕ್ಕಿತೋ ಅದು, ಯೂರಿಯಾ ಪ್ರತಿ ವರ್ಷ ಹಾಕಿದಷ್ಟೇ. ಯೂರಿಯಾ ಗಿಡಕ್ಕೆ ಕೊಡುವುದು ಸಾರಜನಕ. ಆಲೂಗಡ್ಡೆಯಲ್ಲಿ ಆ ಸಾರಜನಕದ ಲೆಕ್ಕವನ್ನು ತಳಿಯೇ ಅರ್ಧ ಹೇಳಿಬಿಡುತ್ತದೆ. ಎಷ್ಟು ಹಾಕಬೇಕು ಅನ್ನುವುದಕ್ಕಿಂತ ಯಾವಾಗ ನಿಲ್ಲಿಸಬೇಕು ಅನ್ನುವುದನ್ನಂತೂ ತಳಿಯೇ ಹೇಳುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಕೂತು ತೀರ್ಮಾನಿಸಿ.

ನಮ್ಮ ಹೊಲದ ಒಂದು ಅನುಭವ ಹೇಳುತ್ತೇನೆ. ಒಂದು ಹಿಂಗಾರಿನಲ್ಲಿ ಜ್ಯೋತಿ ಹಾಕಿದ್ದೆವು. ಐವತ್ತನೇ ದಿನಕ್ಕೆ ಕೆಳಗಿನ ಎಲೆ ಸ್ವಲ್ಪ ಹಳದಿ ತಿರುಗಿತು. ಚಿಕ್ಕಪ್ಪನಿಗೆ ಮನಸ್ಸು ತಡೆಯಲಿಲ್ಲ, ಅರ್ಧ ಹೊಲಕ್ಕೆ ಇನ್ನೊಂದು ಮೂಟೆ ಯೂರಿಯಾ ಚೆಲ್ಲಿ ನೀರು ಕೊಟ್ಟರು. ವಾರದಲ್ಲಿ ಆ ಅರ್ಧ ಕಡು ಹಸಿರಾಯಿತು, ನೋಡಲು ಎಷ್ಟು ಚೆಂದ ಅಂದರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಕೀಳುವ ಹೊತ್ತಿಗೆ ಈಚೆಯ ಅರ್ಧದಲ್ಲಿ ಸೊಪ್ಪು ಒಣಗಿ ಮಲಗಿತ್ತು, ಆಚೆಯ ಅರ್ಧ ಇನ್ನೂ ಹಸಿರಾಗಿಯೇ ನಿಂತಿತ್ತು. ಕೂಲಿಯವರು ಗೊತ್ತಾಗಿದ್ದರು, ಗಾಡಿ ಬಂದಿತ್ತು, ಕಾಯಲು ಆಗಲಿಲ್ಲ. ಹಸಿರು ಕಡೆಯದನ್ನು ಕಿತ್ತರೆ ಬುಡದಲ್ಲಿ ಗೋಲಿಯಂಥ ಗಡ್ಡೆಗಳೇ ಜಾಸ್ತಿ. ದಪ್ಪ ಇದ್ದವೂ ಹೆಬ್ಬೆರಳಲ್ಲಿ ಒರೆಸಿದರೆ ಸಿಪ್ಪೆ ಹಾಳೆಯ ಹಾಗೆ ಸುಲಿದು ಬರುತ್ತಿತ್ತು. ಯಶವಂತಪುರದ ಮಂಡಿಗೆ ಹೋಗುವಷ್ಟರಲ್ಲಿ ಮೂಟೆಯೊಳಗೇ ಉಜ್ಜಿ ಉಜ್ಜಿ ಕಪ್ಪಾಗಿತ್ತು. ರೇಟು ಬಿತ್ತು.

ಆ ಎಲೆ ಹಳದಿಯಾಗಿದ್ದು ಹಸಿವಿನಿಂದಲ್ಲ. ಗಿಡ ತನ್ನ ಎಲೆಯಲ್ಲಿದ್ದುದನ್ನು ಗಡ್ಡೆಗೆ ಇಳಿಸಲು ಶುರು ಮಾಡಿತ್ತು. ನಾವು ಅದನ್ನು ತಡೆದು ಮತ್ತೆ ಎಲೆ ಬೆಳೆಸು ಅಂತ ಹೇಳಿದೆವು.

ಮೊದಲು ಈ ಐದು ವಿಷಯ ನೋಡಿಕೊಳ್ಳಿ

ತಳಿಯ ಹೆಸರು ಆಮೇಲೆ. ಮೊದಲು ನಿಮ್ಮ ಕಡೆಯ ಲೆಕ್ಕ.

ಒಂದು, ನಿಮ್ಮ ಕೈಯಲ್ಲಿ ಎಷ್ಟು ದಿನ ಇದೆ. ಇದೇ ಎಲ್ಲಕ್ಕಿಂತ ದೊಡ್ಡದು. ಆಲೂಗಡ್ಡೆ ಗಡ್ಡೆ ಕಟ್ಟಲು ರಾತ್ರಿ ತಂಪಿರಬೇಕು, 20 ಡಿಗ್ರಿಗಿಂತ ಕೆಳಗಿದ್ದರೆ ಒಳ್ಳೆಯದು. ನಮ್ಮ ಬಯಲುಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಇರುವುದರಿಂದಲೇ ಇಲ್ಲಿ ಈ ಬೆಳೆ ಸಾಧ್ಯವಾಗಿದೆ. ಅಕ್ಟೋಬರ್, ನವೆಂಬರಿನಲ್ಲಿ ಹಾಕಿದರೆ ನವೆಂಬರಿನಿಂದ ಜನವರಿವರೆಗೆ ತಂಪು ರಾತ್ರಿ ಸಿಗುತ್ತದೆ. ತಡವಾಗಿ ಡಿಸೆಂಬರ್ ಕೊನೆಗೆ ಹಾಕಿದರೆ ಗಡ್ಡೆ ದಪ್ಪವಾಗುವ ಹೊತ್ತಿಗೆ ಫೆಬ್ರವರಿ, ಮಾರ್ಚಿನ ಬಿಸಿ ಹಿಡಿಯುತ್ತದೆ. ಹಾಸನದ ಕಡೆ ಮುಂಗಾರಿನಲ್ಲಿ ಮಳೆ ನಂಬಿ ಹಾಕುವವರ ಲೆಕ್ಕ ಇನ್ನೊಂದು ಥರ. ಅಲ್ಲಿ ದಿನಕ್ಕಿಂತ ರೋಗದ ಭಯ ಹೆಚ್ಚು.

ಎರಡು, ಯಾರಿಗೆ ಮಾರುತ್ತೀರಿ. ಮಂಡಿಗೋ, ಮನೆ ಬಳಕೆಯವರಿಗೋ, ಚಿಪ್ಸ್ ಮಾಡುವವರಿಗೋ? ಮಂಡಿಯಲ್ಲಿ ಸೈಜು, ಬಣ್ಣ, ಸಿಪ್ಪೆ ನೋಡುತ್ತಾರೆ. ಚಿಪ್ಸಿನವರು ಗಡ್ಡೆಯಲ್ಲಿ ಒಣ ಅಂಶ (ನೀರು ಬಿಟ್ಟು ಉಳಿಯುವ ಭಾಗ) ಎಷ್ಟಿದೆ, ಸಕ್ಕರೆ ಎಷ್ಟಿದೆ ಅಂತ ನೋಡುತ್ತಾರೆ. ದೋಸೆ ಪಲ್ಯ ಮಾಡುವ ಹೋಟೆಲಿನವರಿಗೆ ಬೇಯಿಸಿದ ಮೇಲೆ ಹಿಟ್ಟಾಗಿ ಒಡೆಯಬೇಕು, ನೀರು ಬಿಡಬಾರದು.

ಮೂರು, ಅಂಗಮಾರಿ, ಅಂದರೆ ಎಲೆ ಸುಡುವ ರೋಗ. ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ಎಲೆ ಇಡೀ ದಿನ ಒದ್ದೆಯಾಗಿದ್ದರೆ ಒಂದು ವಾರದಲ್ಲಿ ಹೊಲ ಸುಟ್ಟ ಹಾಗೆ ಆಗುತ್ತದೆ. ಮುಂಗಾರಿನಲ್ಲಿ ಇದು ಯಾವಾಗಲೂ ಇರುವ ಭಯ. ಹಿಂಗಾರಿನಲ್ಲಿ ನವೆಂಬರಿನ ಸೈಕ್ಲೋನ್ ಮಳೆ ಹಿಡಿದರೆ ಮಾತ್ರ.

ನಾಲ್ಕು, ಬಿತ್ತನೆ ಗಡ್ಡೆಗೆ ಎಷ್ಟು ಖರ್ಚು ಮಾಡಬಲ್ಲಿರಿ. ಎಕರೆಗೆ 7–8 ಕ್ವಿಂಟಲ್ ಬೇಕು. ಇಡೀ ಬೆಳೆಯ ಖರ್ಚಿನಲ್ಲಿ ಇದೇ ದೊಡ್ಡ ಪಾಲು. ಯೂರಿಯಾ 45 ಕಿಲೋ ಮೂಟೆ ಮುನ್ನೂರು ರೂಪಾಯಿಯೊಳಗೇ ಬರುತ್ತದೆ. ಅಷ್ಟು ಅಗ್ಗ ಆಗಿರುವುದರಿಂದಲೇ ಅದನ್ನು ಅಳತೆ ಇಲ್ಲದೆ ಹಾಕುತ್ತೇವೆ.

ಐದು, ನಿಮ್ಮ ಮಣ್ಣು ಮತ್ತು ನೀರಿನಲ್ಲಿ ಈಗಾಗಲೇ ಎಷ್ಟು ಸಾರಜನಕ ಇದೆ. ಇದನ್ನು ಬಹುತೇಕ ಯಾರೂ ನೋಡುವುದಿಲ್ಲ. ಇದರ ಬಗ್ಗೆ ಕೆಳಗೆ ಬಿಡಿಸಿ ಬರೆದಿದ್ದೇನೆ, ದಯವಿಟ್ಟು ಬಿಟ್ಟು ಮುಂದೆ ಹೋಗಬೇಡಿ.

ಸಾರಜನಕ ಗಿಡದೊಳಗೆ ಏನು ಮಾಡುತ್ತದೆ

ಸಾರಜನಕ ಮೊದಲು ಎಲೆ ಕಟ್ಟುತ್ತದೆ. ಎಲೆ ಬಿಸಿಲು ಹಿಡಿದು ಸಕ್ಕರೆ ಮಾಡುತ್ತದೆ, ಅದು ಗಡ್ಡೆಗೆ ಇಳಿದು ಪಿಷ್ಟವಾಗುತ್ತದೆ. ಹಾಗಾಗಿ ಶುರುವಿನಲ್ಲಿ ಸಾರಜನಕ ಕಡಿಮೆ ಆದರೆ ಗಿಡ ಕುಳ್ಳಾಗುತ್ತದೆ, ಎಲೆ ಬೇಗ ಉದುರುತ್ತದೆ, ಗಡ್ಡೆಗೆ ತುಂಬಲು ಏನೂ ಇರುವುದಿಲ್ಲ. ಹಸಿದ ಗಿಡಕ್ಕೆ ಎಲೆ ಚುಕ್ಕೆ ರೋಗವೂ ಬೇಗ ತಗಲುತ್ತದೆ. ಆದ್ದರಿಂದ "ಯೂರಿಯಾನೇ ಬೇಡ" ಅನ್ನುವ ಮಾತಿಗೆ ನಾನು ಒಪ್ಪುವುದಿಲ್ಲ.

ಆದರೆ ಗಡ್ಡೆ ಕಟ್ಟುವ ಸಮಯದಲ್ಲಿ, ಅಂದರೆ ಹೆಚ್ಚುಕಡಿಮೆ 30ರಿಂದ 40 ದಿನದ ನಡುವೆ, ಮಣ್ಣಿನಲ್ಲಿ ಸಾರಜನಕ ತುಂಬಿ ತುಳುಕುತ್ತಿದ್ದರೆ ಗಿಡ ಗಡ್ಡೆ ಕಟ್ಟುವುದನ್ನು ಮುಂದಕ್ಕೆ ಹಾಕುತ್ತದೆ. ಬಿಸಿ ರಾತ್ರಿಯೂ ಇದನ್ನೇ ಮಾಡುತ್ತದೆ. ಎರಡೂ ಸೇರಿದರೆ ಕೇಳಲೇಬೇಡಿ. ಎಲೆ ದಟ್ಟವಾದಷ್ಟೂ ಒಳಗೆ ಗಾಳಿ ಆಡುವುದಿಲ್ಲ, ತೇವ ಆರುವುದಿಲ್ಲ, ಅಂಗಮಾರಿಗೆ ಜಾಗ ಸಿಗುತ್ತದೆ. ಸಿಪ್ಪೆ ಬಲಿಯುವುದು ತಡವಾಗುತ್ತದೆ. ಒಣ ಅಂಶ ಇಳಿಯುತ್ತದೆ, ಬೇಯಿಸಿದರೆ ನೀರು ನೀರು. ಅತಿ ಬೇಗ ಉಬ್ಬಿದ ದೊಡ್ಡ ಗಡ್ಡೆಗಳಲ್ಲಿ ನಡುವೆ ಪೊಳ್ಳೂ ಬೀಳುತ್ತದೆ.

ಇನ್ನೊಂದು ಮಾತು. ಆಲೂಗಡ್ಡೆಯ ಬೇರು ಆಳಕ್ಕೆ ಹೋಗುವುದಿಲ್ಲ, ಬಹುಪಾಲು ಮೇಲಿನ ಒಂದು ಒಂದೂವರೆ ಅಡಿಯಲ್ಲೇ. ನಮ್ಮ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಒಂದೇ ಸಲ ಸುರಿದ ಯೂರಿಯಾ, ಒಂದು ಜೋರು ಮಳೆ ಅಥವಾ ಒಂದು ಜಾಸ್ತಿ ನೀರಿಗೆ ಬೇರಿನಿಂದ ಕೆಳಗೆ ಇಳಿದು ಹೋಗುತ್ತದೆ.

ಇಲ್ಲಿಂದ ತಳಿಯ ವಿಷಯ. ಬೇಗ ಬಲಿಯುವ ತಳಿಗಳು ಸಹಜವಾಗಿ ಎಲೆ ಕಡಿಮೆ ಬಿಡುತ್ತವೆ, ಬೇಗ ಒಣಗುತ್ತವೆ. ಅವುಗಳಿಗೆ ಶುರುವಿನಲ್ಲೇ ಹೊಟ್ಟೆ ತುಂಬ ಕೊಡಬೇಕು. ತಡವಾಗಿ ಬಲಿಯುವ ತಳಿಗಳು ತಾವಾಗಿಯೇ ಹೆಚ್ಚು ದಿನ ಹಸಿರಾಗಿರುತ್ತವೆ, ಅವುಗಳಿಗೆ ಸಾರಜನಕ ಜಾಸ್ತಿ ಕೊಟ್ಟರೆ ನಮ್ಮ ಸೀಸನ್ನೇ ಮುಗಿದು ಹೋಗುತ್ತದೆ. ಇದಿಷ್ಟು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಈಗ ತಳಿಗಳು

ಎಲ್ಲಕ್ಕೂ ಮುಂದೆ ಕುಫ್ರಿ ಅಂತ ಬರುತ್ತದಲ್ಲ, ಅದು ಶಿಮ್ಲಾ ಪಕ್ಕದ ಒಂದು ಊರು. ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಶಿಮ್ಲಾದಲ್ಲಿದೆ, ಅವರು ಬಿಡುಗಡೆ ಮಾಡಿದ ತಳಿಗಳಿಗೆ ಆ ಊರಿನ ಹೆಸರು. ತಳಿ ಬಲಿಯಲು ಬೇಕಾದ ದಿನ ಊರಿಂದ ಊರಿಗೆ ಬದಲಾಗುತ್ತದೆ. ಬೇಸಿಗೆಯ ಉದ್ದ ಹಗಲಿನಲ್ಲಿ ಬೆಳೆಯುವ ಬೆಟ್ಟದ ಬೆಳೆಗೆ ಹೆಚ್ಚು ದಿನ ಬೇಕು, ನಮ್ಮ ಚಿಕ್ಕ ಹಗಲಿನ ಹಿಂಗಾರಿನಲ್ಲಿ ಕಡಿಮೆ.

ಕುಫ್ರಿ ಜ್ಯೋತಿ. 1968ರಲ್ಲಿ ಬಂದದ್ದು, ಇವತ್ತಿಗೂ ನಮ್ಮ ಕಡೆ ಇದೇ ಹೆಚ್ಚು. ಮಧ್ಯಮ ಅವಧಿ, 90ರಿಂದ 100 ದಿನ. ಬಿಳಿ ಗಡ್ಡೆ, ಕಣ್ಣು ಆಳ ಇಲ್ಲ, ಸಿಪ್ಪೆ ತೆಗೆಯಲು ಸುಲಭ, ಮಂಡಿಯಲ್ಲಿ ಎಲ್ಲರಿಗೂ ಪರಿಚಯ. ಬಂದಾಗ ಅಂಗಮಾರಿ ತಡೆಯುತ್ತದೆ ಅಂತ ಹೆಸರಿತ್ತು, ಈಗ ಆ ಶಕ್ತಿ ಹೋಗಿದೆ, ಅದನ್ನು ನಂಬಿ ಔಷಧಿ ಬಿಡಬೇಡಿ. ಸಾರಜನಕದಲ್ಲಿ ಇದು ಮಧ್ಯದ ದಾರಿ. ಪೂರ್ತಿ ಪ್ರಮಾಣ (ಕೆಳಗಿನ ಮೂಟೆ ಲೆಕ್ಕ ನೋಡಿ) ಕೊಡಿ, ಎರಡು ಕಂತಿನಲ್ಲಿ ಕೊಡಿ, 25–30ನೇ ದಿನಕ್ಕೆ ಗಿಡದ ಬುಡಕ್ಕೆ ಮಣ್ಣು ಏರಿಸುವಾಗ ಮುಗಿಸಿಬಿಡಿ. ಮೊದಲ ಸಲ ಬೆಳೆಯುತ್ತಿರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಇಳುವರಿಯಲ್ಲಿ ಇದಕ್ಕಿಂತ ಮುಂದೆ ಇರುವ ತಳಿಗಳಿವೆ, ಆದರೆ ಸಣ್ಣಪುಟ್ಟ ತಪ್ಪಿಗೆ ಇದು ಕೈ ಬಿಡುವುದಿಲ್ಲ, ಮಾರುವಾಗ ವಿವರಣೆ ಕೊಡಬೇಕಿಲ್ಲ.

ಕುಫ್ರಿ ಚಂದ್ರಮುಖಿ. ಇದೂ 1968ರದ್ದೇ. 80–90 ದಿನಕ್ಕೆ ಕೈಗೆ ಬರುತ್ತದೆ. ರುಚಿ ಚೆನ್ನಾಗಿದೆ, ನಮ್ಮ ಅತ್ತಿಗೆ ಹುಳಿಗೆ, ಪಲ್ಯಕ್ಕೆ ಇದನ್ನೇ ಕೇಳುತ್ತಾರೆ. ತೊಂದರೆ ಏನೆಂದರೆ ಅಂಗಮಾರಿಗೆ ಬೇಗ ಬೀಳುತ್ತದೆ. ಮುಂಗಾರಿನಲ್ಲಿ ಹಾಕುವ ಧೈರ್ಯ ನಾನು ಮಾಡುವುದಿಲ್ಲ. ಹಿಂಗಾರಿನಲ್ಲಿ, ಜನವರಿಯೊಳಗೆ ಹೊಲ ಖಾಲಿ ಮಾಡಿ ಬೇರೆ ಬೆಳೆ ಇಡಬೇಕು ಅನ್ನುವವರಿಗೆ ಸರಿ. ಸಾರಜನಕ ಇದಕ್ಕೆ ಬೇಗ ಬೇಕು. ಪೂರ್ತಿ ಪ್ರಮಾಣದ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ನೆಡುವಾಗಲೇ ಕೊಟ್ಟು, ಉಳಿದದ್ದನ್ನು 25ನೇ ದಿನದೊಳಗೆ ಮುಗಿಸಿ. 40ನೇ ದಿನದ ಮೇಲೆ ಹಾಕಿದ ಯೂರಿಯಾವನ್ನು ಬಳಸಿಕೊಳ್ಳಲು ಇದಕ್ಕೆ ದಿನವೇ ಉಳಿದಿರುವುದಿಲ್ಲ.

ಕುಫ್ರಿ ಪುಖರಾಜ್. 1998ರದ್ದು. ಒಳಗೆ ತಿಳಿ ಹಳದಿ. ಬೇಗ ದಪ್ಪವಾಗುತ್ತದೆ, ತೂಕ ಜಾಸ್ತಿ ಬರುತ್ತದೆ. 70–75 ದಿನಕ್ಕೇ ಕೀಳುವವರೂ ಇದ್ದಾರೆ. ಇದರ ದೊಡ್ಡ ಗುಣ, ಕಡಿಮೆ ಗೊಬ್ಬರದಲ್ಲೂ ಇಳುವರಿ ಅಷ್ಟಾಗಿ ಬೀಳುವುದಿಲ್ಲ. ಮಣ್ಣಿನಲ್ಲಿರುವ ಸಾರಜನಕವನ್ನು ಚೆನ್ನಾಗಿ ಹುಡುಕಿ ತೆಗೆದುಕೊಳ್ಳುತ್ತದೆ. ಜ್ಯೋತಿಗೆ ಕೊಡುವುದರ ಮುಕ್ಕಾಲು ಭಾಗ ಸಾಕು ಅನ್ನುವುದು ನನ್ನ ಲೆಕ್ಕ. ಹಾಗಾದರೆ ಎಲ್ಲರೂ ಇದನ್ನೇ ಹಾಕಬಹುದಲ್ವಾ? ಆಗುವುದಿಲ್ಲ. ಒಣ ಅಂಶ ಕಡಿಮೆ, ಹಾಗಾಗಿ ಚಿಪ್ಸಿಗೆ ನಡೆಯುವುದಿಲ್ಲ. ದೋಸೆ ಪಲ್ಯಕ್ಕೂ ಜ್ಯೋತಿಯಷ್ಟು ಹಿಟ್ಟಾಗುವುದಿಲ್ಲ, ಸಾಂಬಾರಿಗೆ, ಕುರ್ಮಾಕ್ಕೆ ಹೋಳು ಗಟ್ಟಿಯಾಗಿ ನಿಲ್ಲುತ್ತದೆ. ಹಳದಿ ಬಣ್ಣ ನಿಮ್ಮ ಮಂಡಿಯಲ್ಲಿ ಓಡುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ತುಂಬ ದಿನ ಇಟ್ಟು ಮಾರುವ ಯೋಚನೆ ಇದ್ದರೆ ಇದು ಬೇಡ, ಕಿತ್ತ ಕೂಡಲೇ ಮಾರುವವರಿಗೆ ಇದು. ಸಾರಜನಕ ಕಡಿಮೆ ಸಾಕು ಅನ್ನುವ ಈ ಗುಣಕ್ಕಾಗಿಯೇ ಕುಫ್ರಿ ಗೌರವ್ ಅಂತ ಇನ್ನೊಂದು ತಳಿಯೂ ಇದೆ, ಬಿತ್ತನೆ ಸಿಕ್ಕರೆ ಒಂದೆರಡು ಸಾಲು ಹಾಕಿ ನೋಡಬಹುದು.

ಕುಫ್ರಿ ಸೂರ್ಯ. 2006ರದ್ದು. ಬಿಸಿ ತಡೆಯುವ ತಳಿ. ಬೇರೆ ತಳಿಗಳು ಗಡ್ಡೆ ಕಟ್ಟಲು ಹಿಂಜರಿಯುವ ಬೆಚ್ಚನೆಯ ರಾತ್ರಿಯಲ್ಲೂ ಇದು ಕಟ್ಟುತ್ತದೆ. ಸೆಪ್ಟೆಂಬರಿನಲ್ಲೇ ಹಾಕಬೇಕು ಅನ್ನುವವರಿಗೆ, ಅಥವಾ ತಡವಾಗಿ ಡಿಸೆಂಬರ್ ಕೊನೆ, ಜನವರಿಗೆ ಹೋದವರಿಗೆ ನಾನು ಹೇಳುವುದು ಇದನ್ನೇ. ಗಡ್ಡೆ ಉದ್ದುದ್ದ. ಆದರೆ ಅಂಗಮಾರಿಗೆ ಇದೂ ಬೀಳುತ್ತದೆ. ಬಿಸಿಯಲ್ಲಿ ಬೆಳೆಯುವಾಗ ಯೂರಿಯಾ ಕೈ ಬಿಗಿ ಹಿಡಿಯಿರಿ. ಬಿಸಿ ಒಂದು ಕಡೆಯಿಂದ ಎಲೆ ಬೆಳೆಸುತ್ತಿರುವಾಗ ಸಾರಜನಕ ಇನ್ನೊಂದು ಕಡೆಯಿಂದ ತಳ್ಳಿದರೆ, ಬಿಸಿ ತಡೆಯುವ ತಳಿಗೆ ದುಡ್ಡು ಕೊಟ್ಟಿದ್ದೇ ದಂಡ.

ಕುಫ್ರಿ ಹಿಮಾಲಿನಿ. ಇದೂ 2006ರದ್ದು. ಬೆಟ್ಟಕ್ಕೆಂದು ಮಾಡಿದ್ದು, ಅಂಗಮಾರಿಯನ್ನು ಜ್ಯೋತಿಗಿಂತ ಚೆನ್ನಾಗಿ ತಡೆಯುತ್ತದೆ. ಹಾಸನದ ಕಡೆ ಇತ್ತೀಚೆಗೆ ಕುಡಿಗಳಿಂದ ಬೇರು ಬರಿಸಿದ ಸಸಿ ನೆಟ್ಟು ಬಿತ್ತನೆ ಗಡ್ಡೆ ಮಾಡುತ್ತಿದ್ದಾರಲ್ಲ, ಅದರಲ್ಲಿ ಈ ತಳಿಯೂ ಇದೆ. ಜಲಂಧರದಿಂದ ಲಾರಿಯಲ್ಲಿ ಬರುವ ಗಡ್ಡೆಯನ್ನೇ ಕಾಯುವ ಬದಲು ಇಲ್ಲೇ ಆರೋಗ್ಯವಾದ ಬಿತ್ತನೆ ಸಿಗುವುದು ದೊಡ್ಡ ಅನುಕೂಲ. ಮುಂಗಾರಿನವರಿಗೆ ನನ್ನ ಮೊದಲ ಆಯ್ಕೆ ಇದು. ಸೊಪ್ಪು ಚೆನ್ನಾಗಿ ಬರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಜ್ಯೋತಿಗಿಂತ ಸಾರಜನಕ ಸ್ವಲ್ಪ ಕಡಿಮೆ ಮಾಡಿ, ಮಳೆಯಲ್ಲಿ ಕೊಚ್ಚಿ ಹೋಗದ ಹಾಗೆ ಮೂರು ಸಣ್ಣ ಕಂತು ಮಾಡಿ. ಅಂಗಮಾರಿ ತಡೆಯುವ ತಳಿ ಅಂದ ಮಾತ್ರಕ್ಕೆ ದಟ್ಟ ಸೊಪ್ಪು ಬೆಳೆಸಿ ಅದಕ್ಕೆ ಪರೀಕ್ಷೆ ಒಡ್ಡಬೇಡಿ.

ಚಿಪ್ಸೋನಾ ತಳಿಗಳು. ಚಿಪ್ಸೋನಾ 1 ಬಂದದ್ದು 1998ರಲ್ಲಿ, ಚಿಪ್ಸೋನಾ 3 ಬಂದದ್ದು 2006ರಲ್ಲಿ. ನೂರು ದಿನದ ಮೇಲೇ ಬೇಕು. ಒಣ ಅಂಶ 20 ಶೇಕಡಾಗಿಂತ ಹೆಚ್ಚು, ಸಕ್ಕರೆ ಕಡಿಮೆ, ಹಾಗಾಗಿ ಕರಿದಾಗ ಕಂದು ತಿರುಗುವುದಿಲ್ಲ. ಅಂಗಮಾರಿಯನ್ನೂ ತಕ್ಕಮಟ್ಟಿಗೆ ತಡೆಯುತ್ತವೆ. ಇದನ್ನು ಒಪ್ಪಂದ ಇದ್ದರೆ ಮಾತ್ರ ಬೆಳೆಯಿರಿ. ಒಪ್ಪಂದದಲ್ಲಿ ಸೈಜು ಎಷ್ಟು, ಒಣ ಅಂಶ ಎಷ್ಟು, ಹಸಿರು ತಿರುಗಿದ್ದಕ್ಕೆ ಎಷ್ಟು ಕಡಿತ ಎಂಬುದನ್ನೆಲ್ಲ ಓದಿ ಆಮೇಲೆ ಸಹಿ ಹಾಕಿ. ಸಾರಜನಕದ ತಪ್ಪು ಬೇರೆ ತಳಿಯಲ್ಲಿ ರೇಟು ಇಳಿಸುತ್ತದೆ, ಇದರಲ್ಲಿ ಲೋಡೇ ವಾಪಸ್ ಬರುವ ಹಾಗೆ ಮಾಡುತ್ತದೆ. ತಡವಾಗಿ ಕೊಟ್ಟ ಯೂರಿಯಾ ಒಣ ಅಂಶ ಇಳಿಸುತ್ತದೆ, ಗಡ್ಡೆ ಬಲಿಯದೆ ಸಕ್ಕರೆ ಉಳಿಯುತ್ತದೆ. 35ನೇ ದಿನಕ್ಕೆ ಸಾರಜನಕದ ಮೂಟೆಯನ್ನು ಕೋಣೆಗೆ ಹಾಕಿ ಬೀಗ ಹಾಕಿ. ಪೊಟ್ಯಾಷ್ ಕೊರತೆ ಮಾಡಬೇಡಿ. ಬಜೆಟ್ ಇದ್ದರೆ ಪೊಟ್ಯಾಷಿನ ಒಂದು ಪಾಲನ್ನು ಸಲ್ಫೇಟ್ ರೂಪದಲ್ಲಿ ಕೊಡಿ, ಕೆಂಪು ಪೊಟ್ಯಾಷಿನಲ್ಲಿರುವ ಕ್ಲೋರೈಡ್ ಜಾಸ್ತಿಯಾದರೆ ಒಣ ಅಂಶ ಕಡಿಮೆಯಾಗುತ್ತದೆ.

ದುಂಡಾಣು ಸೊರಗು ರೋಗದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮೇಲಿನ ಯಾವ ತಳಿಯನ್ನೂ ಅದಕ್ಕೆ ಪರಿಹಾರ ಅಂತ ನಾನು ಹೇಳಲಾರೆ. ಹಿಂದಿನ ಬೆಳೆ ಟೊಮೆಟೊ, ಬದನೆ, ಮೆಣಸಿನಕಾಯಿ ಆಗಿದ್ದ ಹೊಲದಲ್ಲಿ ಆಲೂಗಡ್ಡೆ ಬೇಡ. ರಾಗಿ, ಜೋಳ ಆದ ಹೊಲ ಹುಡುಕಿ. ಬಿತ್ತನೆ ಕತ್ತರಿಸುವುದಾದರೆ ಚಾಕುವನ್ನು ಆಗಾಗ ಔಷಧಿ ನೀರಿನಲ್ಲಿ ಅದ್ದಿ.

ಬಿತ್ತನೆಯಲ್ಲಿ ದುಡ್ಡು ಉಳಿಸಬೇಡಿ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದು ವರ್ಷ ಒಬ್ಬ ವ್ಯಾಪಾರಿ ಜ್ಯೋತಿ ಅಂತ ಕೊಟ್ಟ ಮೂಟೆಗಳಲ್ಲಿ ಮೂರು ಥರದ ಗಿಡ ಬಂತು. ಒಂದು ಸಾಲಿನಲ್ಲಿ ಕೆಲವು ಒಣಗಿ ಮಲಗಿವೆ, ಕೆಲವು ಹೂ ಬಿಡುತ್ತಿವೆ. ಅಂಥ ಹೊಲಕ್ಕೆ ಯಾವ ದಿನ ಯೂರಿಯಾ ನಿಲ್ಲಿಸುವುದು, ಯಾವ ದಿನ ಕೀಳುವುದು? ಮೂಟೆ ಬಿಚ್ಚಿಸಿ, ಹತ್ತು ಗಡ್ಡೆ ಕೈಗೆ ತೆಗೆದುಕೊಂಡು ಕಣ್ಣು, ಆಕಾರ ನೋಡಿ, ಒಂದೆರಡು ಕತ್ತರಿಸಿ ಒಳಗಿನ ಬಣ್ಣ ನೋಡಿ, ಕಂದು ಉಂಗುರ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.

ಮೂಟೆ ಲೆಕ್ಕ

ನೀರಾವರಿ ಇರುವ ಬೆಳೆಗೆ, ಎಕರೆಗೆ 50 ಕಿಲೋ ಸಾರಜನಕ ಅಂತ ನಾನು ಹಿಡಿಯುತ್ತೇನೆ. ಇದು ಯೂರಿಯಾದ ತೂಕವಲ್ಲ, ಅದರೊಳಗಿನ ಸಾರಜನಕದ ತೂಕ. ಈ ಗೊಂದಲದಿಂದಲೇ ಅರ್ಧ ತಪ್ಪು ಆಗುತ್ತದೆ. ಒಂದು ಟನ್ ಗಡ್ಡೆ ಬೆಳೆಯಲು ಸೊಪ್ಪೂ ಸೇರಿ ಸುಮಾರು 4–5 ಕಿಲೋ ಸಾರಜನಕ ಬೇಕು. ಎಕರೆಗೆ 10 ಟನ್ ಬೆಳೆಯುತ್ತೇನೆ ಅಂದರೆ 50 ಕಿಲೋ ಸರಿಹೋಗುತ್ತದೆ.

ಎರಡು ಮೂಟೆ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ, ಮೂಟೆಗೆ 50 ಕಿಲೋ) ಹಾಕಿದರೆ ಅದರಲ್ಲೇ 18 ಕಿಲೋ ಸಾರಜನಕ ಬಂತು. ಉಳಿದದ್ದು 32 ಕಿಲೋ. ಯೂರಿಯಾದಲ್ಲಿ 46 ಶೇಕಡಾ ಸಾರಜನಕ, ಅಂದರೆ 70 ಕಿಲೋ ಯೂರಿಯಾ, ಒಂದೂವರೆ ಮೂಟೆ. ಅಷ್ಟೇ. ನಮ್ಮ ಕಡೆ ಎರಡು ಮೂಟೆ ಡಿಎಪಿಯ ಮೇಲೆ ನಾಲ್ಕು ಮೂಟೆ ಯೂರಿಯಾ ಹಾಕುವವರನ್ನು ನಾನು ನೋಡಿದ್ದೇನೆ. ಅದು ನೂರು ಕಿಲೋ ಸಾರಜನಕ. ಬೇಕಾದ್ದರ ಎರಡರಷ್ಟು.

ಗುಂಟೆ ಲೆಕ್ಕದಲ್ಲಿ ಬೆಳೆಯುವವರಿಗೆ, ಒಂದು ಗುಂಟೆಗೆ ಡಿಎಪಿ ಎರಡೂವರೆ ಕಿಲೋ, ಯೂರಿಯಾ ಒಂದೂಮುಕ್ಕಾಲು ಕಿಲೋ. ಮನೆ ಮಹಡಿಯ ಮೇಲೆ ಚೀಲದಲ್ಲಿ ಬೆಳೆಯುವವರೂ ಕೇಳುತ್ತಿರುತ್ತಾರೆ. ಎಕರೆಯಲ್ಲಿ ಎರಡು ಅಡಿ ಸಾಲು, ಮುಕ್ಕಾಲು ಅಡಿ ಅಂತರದಲ್ಲಿ ಮೂವತ್ತು ಸಾವಿರ ಗಿಡ ಬರುತ್ತವೆ. ಒಂದು ಗಿಡದ ಪಾಲಿಗೆ ಬರುವುದು ಒಂದೂವರೆ ಗ್ರಾಂ ಸಾರಜನಕ ಮಾತ್ರ. ಯೂರಿಯಾ ಅಂತ ಹಿಡಿದರೆ ಟೀ ಚಮಚಕ್ಕೆ ಸಮ ಮಾಡಿದಷ್ಟೂ ಇಲ್ಲ, ಅದೂ ಇಡೀ ಬೆಳೆಗೆ. ಚೀಲಕ್ಕೆ ಅರ್ಧದಷ್ಟು ಎರೆಗೊಬ್ಬರ ತುಂಬಿದ್ದರೆ ಯೂರಿಯಾ ಮುಟ್ಟುವುದೇ ಬೇಡ. ಮಹಡಿಯವರು ತಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಬೇಗ ಬರುವ ಯಾವುದಾದರೂ ಸರಿ, ಅಕ್ಟೋಬರ್ ಕೊನೆಗೆ ಹಾಕಿ.

ಈ 50 ಕಿಲೋದಲ್ಲಿ ಕಳೆಯಬೇಕಾದ್ದು ಇನ್ನೂ ಇದೆ. ಹತ್ತು ಟನ್ ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಮೊದಲ ಬೆಳೆಗೆ 10–15 ಕಿಲೋ ಸಾರಜನಕ ಅದರಿಂದಲೇ ಸಿಗುತ್ತದೆ. ಕೋಳಿ ಗೊಬ್ಬರದಲ್ಲಿ ಇನ್ನೂ ಜಾಸ್ತಿ, ಒಂದು ಟನ್ನಿನಲ್ಲಿ 20–30 ಕಿಲೋ ಇರುತ್ತದೆ, ಅದರಲ್ಲಿ ದೊಡ್ಡ ಪಾಲು ಈ ಬೆಳೆಗೇ ಬರುತ್ತದೆ. ಎರಡು ಲೋಡ್ ಕೋಳಿ ಗೊಬ್ಬರ ಸುರಿದು ಮೇಲೆ ಯೂರಿಯಾನೂ ಹಾಕಿದರೆ ಸೊಪ್ಪು ಬೆಳೆಯದೆ ಇನ್ನೇನಾಗುತ್ತದೆ?

ಆಮೇಲೆ ಬೋರ್‌ವೆಲ್ ನೀರು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಇದೆ. ಹಲವು ವರ್ಷ ಹಾಕಿದ ಗೊಬ್ಬರ, ತಿಪ್ಪೆ, ಚರಂಡಿ ಎಲ್ಲ ಇಳಿದು ಅಲ್ಲಿ ಸೇರಿದೆ. ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ, ಎಚ್.ಎನ್. ವ್ಯಾಲಿ ಯೋಜನೆಗಳಲ್ಲಿ ಕೆರೆಗಳಿಗೆ ಬರುತ್ತಿರುವ ಕಡೆ ಇದನ್ನು ಇನ್ನೂ ಗಮನ ಇಟ್ಟು ನೋಡಬೇಕು. ಕುಡಿಯುವ ನೀರಿಗೆ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ನಿಮ್ಮ ನೀರಿನಲ್ಲಿ ಆ ಮಿತಿಯಷ್ಟೇ ಇದೆ ಅಂತ ಇಟ್ಟುಕೊಳ್ಳಿ, ಅದರಲ್ಲಿ ಸಾರಜನಕ ಲೀಟರಿಗೆ 10 ಮಿಲಿಗ್ರಾಂ. ಒಂದು ಎಕರೆಗೆ ಬೆಳೆ ಮುಗಿಯುವವರೆಗೆ 16 ಲಕ್ಷ ಲೀಟರ್ ನೀರು ಕೊಟ್ಟರೆ 16 ಕಿಲೋ ಸಾರಜನಕ ನೀರಿನ ಜೊತೆಯಲ್ಲೇ ಬಂತು. ಮುಕ್ಕಾಲು ಮೂಟೆ ಯೂರಿಯಾಕ್ಕೆ ಸಮ. ಅದೂ ನಾವು ಬೇಡ ಅಂದ ಕಾಲದಲ್ಲಿ, 60–70ನೇ ದಿನದಲ್ಲೂ ಬರುತ್ತಲೇ ಇರುತ್ತದೆ. ಮಣ್ಣು ಪರೀಕ್ಷೆಗೆ ಕೊಡುವಾಗ ಒಂದು ಬಾಟಲಿ ನೀರನ್ನೂ ಕೊಡಿ. ಅಂಥ ನೀರು ಇರುವವರು ಚಿಪ್ಸೋನಾ ಒಪ್ಪಂದಕ್ಕೆ ಹೋಗುವ ಮುಂಚೆ ಎರಡು ಸಲ ಯೋಚಿಸಿ. ಪುಖರಾಜ್ ಅಥವಾ ಚಂದ್ರಮುಖಿ ಹಾಕಿ, ಯೂರಿಯಾ ಒಂದು ಮೂಟೆಗೆ ಇಳಿಸಿದರೆ ನಷ್ಟ ಇಲ್ಲ.

ಹಾಕುವ ಕ್ರಮ ದೊಡ್ಡದೇನಲ್ಲ. ಡಿಎಪಿ, ಪೊಟ್ಯಾಷ್, ಅರ್ಧ ಸಾರಜನಕ ನೆಡುವಾಗ ಸಾಲಿಗೆ ಹಾಕಿ, ಮೇಲೆ ಮಣ್ಣು ಎಳೆದು, ಆಮೇಲೆ ಗಡ್ಡೆ ಇಡಿ. ಯೂರಿಯಾ ಗಡ್ಡೆಗೆ ತಾಗಿದರೆ ಮೊಳಕೆ ಸುಡುತ್ತದೆ. ಉಳಿದದ್ದು 25–30ನೇ ದಿನಕ್ಕೆ, ಕಳೆ ತೆಗೆದು ಮಣ್ಣು ಏರಿಸುವ ದಿನ. ಯೂರಿಯಾ ಮೇಲೆ ಬಿಟ್ಟರೆ ಗಾಳಿಗೆ ಹೋಗುತ್ತದೆ, ಅದೇ ದಿನ ಮಣ್ಣು ಮುಚ್ಚಬೇಕು. ಡ್ರಿಪ್ ಇರುವವರು ಎರಡನೇ ಅರ್ಧವನ್ನು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಟ್ಟು 45ನೇ ದಿನಕ್ಕೆ ಮುಗಿಸಬಹುದು. ಚಿಪ್ಸೋನಾ, ಚಂದ್ರಮುಖಿಗೆ ಇನ್ನೂ ಮುಂಚೆ.

ಹಾಗಾದರೆ ಯಾರು ಯಾವುದು?

ಮೊದಲ ಸಲ, ಹಿಂಗಾರು, ಮಂಡಿಗೆ ಮಾರಾಟ, ಅಂದರೆ ಜ್ಯೋತಿ ಮತ್ತು ಪೂರ್ತಿ 50 ಕಿಲೋ. ದುಡ್ಡು ಕಡಿಮೆ, ಗೊಬ್ಬರ ಕಡಿಮೆ, ಕಿತ್ತ ದಿನವೇ ಮಾರುವ ದಾರಿ ಇದೆ, ಅಂದರೆ ಪುಖರಾಜ್ ಮತ್ತು ಮುಕ್ಕಾಲು. ಮುಂಗಾರು, ಮಳೆ, ಔಷಧಿ ಹೊಡೆಯಲು ಜನ ಸಿಗುವುದಿಲ್ಲ ಅನ್ನುವವರಿಗೆ ಹಿಮಾಲಿನಿ. ತಡವಾಯಿತು, ಬಿಸಿ ಹತ್ತಿರ ಬಂತು ಅಂದರೆ ಸೂರ್ಯ, ಯೂರಿಯಾ ಕೈ ಬಿಗಿ. ಮನೆಯವರಿಗೆ, ನೆಂಟರಿಗೆ, ಅಪಾರ್ಟ್‌ಮೆಂಟಿನಲ್ಲಿ ನೇರವಾಗಿ ಮಾರುವವರಿಗೆ ಚಂದ್ರಮುಖಿ, ರುಚಿ ನೋಡಿದವರು ಮತ್ತೆ ಕೇಳುತ್ತಾರೆ. ಬರೆದ ಒಪ್ಪಂದ, ಒಳ್ಳೆಯ ನೀರು, ನೂರು ದಿನ ತಾಳ್ಮೆ, ಮೂರೂ ಇದ್ದರೆ ಚಿಪ್ಸೋನಾ.

ಎರಡು ತಳಿಯ ನಡುವೆ ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಅರ್ಧರ್ಧ ಹಾಕಿ, ಆದರೆ ಬೆರೆಸಬೇಡಿ. ಬೇರೆ ಬೇರೆ ತುಂಡು ಮಾಡಿ, ಗೂಟ ಹೊಡೆದು ಹೆಸರು ಬರೆದು ಇಡಿ.

40ನೇ ದಿನ ಹೊಲದ ನಾಲ್ಕು ಕಡೆ ಒಂದೊಂದು ಗಿಡದ ಬುಡ ಕೈಯಲ್ಲೇ ಬಿಡಿಸಿ ನೋಡಿ. ಮಣ್ಣೊಳಗಿನ ಬಿಳಿ ಕುಡಿಗಳ ತುದಿ ಕಡಲೆಕಾಳಿನ ಹಾಗೆ ಉಬ್ಬಿದ್ದರೆ ಸಾರಜನಕದ ಕೆಲಸ ಆಯಿತು. ಸೊಪ್ಪು ಮೊಣಕಾಲು ಮುಟ್ಟಿದ್ದೂ ಕುಡಿ ಬರೀ ಉದ್ದಕ್ಕೆ ಓಡುತ್ತಿದ್ದರೆ ಕೈಯಲ್ಲಿರುವ ಮೂಟೆ ಕೆಳಗಿಡಿ. ಕೀಳುವ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸಿ ಸೊಪ್ಪು ಕೊಯ್ದು ಹಾಕಿ. ಒಂದು ಗಡ್ಡೆ ತೆಗೆದು ಹೆಬ್ಬೆರಳಲ್ಲಿ ಒತ್ತಿ ಒರೆಸಿ, ಸಿಪ್ಪೆ ಜಾರದಿದ್ದರೆ ಗಾಡಿಗೆ ಫೋನ್ ಮಾಡಬಹುದು.

ಈ ವರ್ಷ ಒಂದು ಕೆಲಸ ಮಾಡಿ. ಎರಡನೇ ಕಂತು ಯೂರಿಯಾ ಹಾಕುವಾಗ ಹೊಲದ ನಡುವಿನ ಎರಡು ಸಾಲಿಗೆ ಹಾಕಬೇಡಿ, ಪಕ್ಕದ ಎರಡು ಸಾಲಿಗೆ ಪೂರ್ತಿ ಹಾಕಿ. ನೀರು, ಔಷಧಿ ಎಲ್ಲ ಒಂದೇ ಥರ. ಕೀಳುವ ದಿನ ಅವನ್ನು ಬೇರೆ ಬೇರೆ ಮೂಟೆಗೆ ತುಂಬಿಸಿ, ಗೋಲಿ ಬೇರೆ, ದಪ್ಪ ಬೇರೆ ಮಾಡಿ ತೂಗಿ. ನಮ್ಮ ಚಿಕ್ಕಪ್ಪ ಹೀಗೆ ಎರಡು ವರ್ಷ ತೂಗಿಸಿದರು, ಅಂಕಿಗಳನ್ನು ಪಂಪ್ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಮೂರನೇ ವರ್ಷ ಅಂಗಡಿಗೆ ಹೋದಾಗ ಎಷ್ಟು ಮೂಟೆ ಯೂರಿಯಾ ಬೇಕು ಅಂತ ಅವರು ನನ್ನನ್ನು ಕೇಳಲಿಲ್ಲ.